ಫ್ರಾನ್ಸಿನ ಹಳೆಯ ಗ್ರಾಮೀಣ ಕಟ್ಟಡಗಳು: ನವೀಕರಣ, ಪರಿವರ್ತನೆ, ಪರವಾನಗಿ

ಫ್ರಾನ್ಸಿನ ಹಳ್ಳಿಗಾಡಿನ ಹಳೆಯ ರೈತಮನೆ, ಕೊಟ್ಟಿಗೆ, ಗಿರಣಿ, ಕುರಿದೊಡ್ಡಿ ಮೊದಲಾದವುಗಳನ್ನು ದುರಸ್ತಿ ಮಾಡಲು, ಹಿಗ್ಗಿಸಲು ಅಥವಾ ವಾಸದ ಮನೆಯಾಗಿ ಮಾರ್ಪಡಿಸಲು ಪಡೆಯಬೇಕಾದ ಅನುಮತಿಗಳ ವ್ಯವಸ್ಥೆ. ಇದಕ್ಕೆಲ್ಲ ಆಧಾರ ‘ಕೋಡ್ ದ ಲ್ಯುರ್ಬನಿಸ್ಮ್’ ಎಂಬ ನಗರಯೋಜನಾ ಸಂಹಿತೆ. ಹೆಸರಿನಲ್ಲಿ ನಗರವಿದ್ದರೂ ಅದರ ಹಿಡಿತ ಕಟ್ಟಕಡೆಯ ಕುಗ್ರಾಮದ ಕುರಿದೊಡ್ಡಿಯವರೆಗೂ ಚಾಚಿದೆ. ಅರ್ಜಿ ಹೋಗುವುದು ಊರಿನ ‘ಮೇರಿ’ಗೆ, ಅಂದರೆ ಮೇಯರ್ ಕಚೇರಿಗೆ. ಬಹುತೇಕ ಸಂದರ್ಭಗಳಲ್ಲಿ ಆದೇಶಕ್ಕೆ ಸಹಿ ಹಾಕುವವರೂ ಮೇಯರೇ.

ಕೊಳ್ಳುವವರ ಕಣ್ಣು ಮೊದಲು ಬೀಳುವುದು ಕಲ್ಲಿನ ಗೋಡೆ, ಓಕ್ ಮರದ ತೊಲೆ, ಕಿಟಕಿಯಾಚೆಯ ಕಣಿವೆಯ ಮೇಲೆ. ಕಾನೂನು ಕೇಳುವುದೇ ಬೇರೆ ಎರಡು ಪ್ರಶ್ನೆ: ಈ ಕಟ್ಟಡ ಇವತ್ತಿಗೆ ಏನು, ಮತ್ತು ಅದು ನಿಂತಿರುವುದು ಯಾವ ವಲಯದಲ್ಲಿ? ಇವೆರಡಕ್ಕೂ ಅನುಕೂಲದ ಉತ್ತರ ಸಿಕ್ಕರೆ ಉಳಿದದ್ದು ನಕ್ಷೆ, ನಮೂನೆ, ಕಾಯುವಿಕೆಯ ಮಾತು. ಪ್ರತಿಕೂಲವಾದರೆ ಎಷ್ಟೇ ಒಳ್ಳೆಯ ವಾಸ್ತುಶಿಲ್ಪಿ ಬಂದರೂ ಕೊಟ್ಟಿಗೆ ಕೊಟ್ಟಿಗೆಯಾಗಿಯೇ ಉಳಿಯುತ್ತದೆ.

ಖಾಲಿಯಾದ ಕಟ್ಟಡಗಳು

ಇಷ್ಟೊಂದು ಹಳೆಯ ಕಟ್ಟಡಗಳು ಮಾರಾಟಕ್ಕೆ ಬಂದದ್ದಕ್ಕೆ ಕಾರಣ ಹಳ್ಳಿಗಳು ಬರಿದಾದದ್ದು. ಮೊದಲ ಮಹಾಯುದ್ಧ ಹಳ್ಳಿಗಳ ಗಂಡಸರನ್ನು ಬಲಿ ತೆಗೆದುಕೊಂಡಿತು. 1931ರ ಜನಗಣತಿಯ ಹೊತ್ತಿಗೆ ಫ್ರಾನ್ಸಿನಲ್ಲಿ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಯವರದನ್ನು ಮೀರಿತ್ತು. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂತು, ಹಿಡುವಳಿಗಳು ಒಂದರೊಳಗೊಂದು ಕರಗಿದವು. 1970ರಲ್ಲಿ ಸುಮಾರು 15.9 ಲಕ್ಷವಿದ್ದ ಕೃಷಿ ಹಿಡುವಳಿಗಳು 2020ರ ಕೃಷಿಗಣತಿಯಲ್ಲಿ ಸುಮಾರು 3.9 ಲಕ್ಷಕ್ಕೆ ಇಳಿದಿದ್ದವು. ಜಮೀನು ನೆರೆಯ ದೊಡ್ಡ ರೈತನ ಪಾಲಾಯಿತು. ಕೊಯ್ಲಿನ ಯಂತ್ರ ಒಳಗೆ ಹೋಗಲಾರದ ಹಳೆಯ ಕೊಟ್ಟಿಗೆ ಯಾರಿಗೂ ಬೇಡವಾಯಿತು.

ಪ್ರಾಂತ್ಯಕ್ಕೊಂದು ಬಗೆಯ ಕಟ್ಟಡವಿದೆ. ಬ್ರಿಟನಿ ಮತ್ತು ನಾರ್ಮಂಡಿಯಲ್ಲಿ ಮನೆ, ಕೊಟ್ಟಿಗೆ, ಕಣಜಗಳು ಒಂದೇ ಸಾಲಿನಲ್ಲಿ ಒಂದೇ ಸೂರಿನಡಿ ಚಾಚಿಕೊಂಡ ‘ಲೋಂಜೇರ್’. ಪ್ರೊವಾಂಸಿನಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ಬೆನ್ನು ತಿರುಗಿಸಿ ಕೂತ ‘ಮಾಸ್’. ಕೆರ್ಸಿಯಲ್ಲಿ ಪಾರಿವಾಳದ ಗೋಪುರಗಳು, ದೊರ್ದೋನ್ಯ್ ಜಿಲ್ಲೆಯಲ್ಲಿ ಹೊಗೆಸೊಪ್ಪು ಒಣಗಿಸುತ್ತಿದ್ದ ಎತ್ತರದ ಮರದ ಚಪ್ಪರಗಳು, ಲಿಮೂಸಾಂನಲ್ಲಿ ಗ್ರಾನೈಟಿನ ‘ಗ್ರಾಂಜ್’, ಅಂದರೆ ಹುಲ್ಲು, ಕಾಳು, ಗಾಡಿ ಎಲ್ಲವನ್ನೂ ತುಂಬುತ್ತಿದ್ದ ದೊಡ್ಡ ಕೊಟ್ಟಿಗೆ. 1960ರ ದಶಕದಿಂದ ಪ್ಯಾರಿಸಿನವರು, ಡಚ್ಚರು, ಬೆಲ್ಜಿಯನ್ನರು, ಬ್ರಿಟಿಷರು ಇವುಗಳನ್ನು ಎರಡನೆಯ ಮನೆಗೆಂದು ಕೊಳ್ಳತೊಡಗಿದರು. ಲ್ಯುಬೆರೋಂ ಬೆಟ್ಟದ ತಪ್ಪಲಿನ ಮೆನೆರ್ಬ್ ಊರಿನ ಹತ್ತಿರ ಹಳೆಯ ರೈತಮನೆಯೊಂದನ್ನು ಕೊಂಡು ಸರಿಪಡಿಸಿದ ಕತೆಯನ್ನು ಪೀಟರ್ ಮೇಲ್ 1989ರಲ್ಲಿ ಪುಸ್ತಕ ಮಾಡಿದ ಮೇಲೆ ಈ ಹಂಬಲ ಇಂಗ್ಲಿಷ್ ಓದುಗರಲ್ಲಿ ಒಂದು ಗೀಳೇ ಆಯಿತು. ಆ ಬಗೆಯ ಪುಸ್ತಕಗಳಲ್ಲಿ ಕೊಳಾಯಿ ರಿಪೇರಿಯವನು ಬಾರದ ಗೋಳು ಧಾರಾಳವಾಗಿ ಸಿಗುತ್ತದೆ. ವಲಯ ನಕ್ಷೆಯ ಮಾತು ಅಪರೂಪ.

ಕಾನೂನು ಬೆಳೆದ ಬಗೆ

1902ರ ಫೆಬ್ರುವರಿ 15ರ ಸಾರ್ವಜನಿಕ ಆರೋಗ್ಯ ಕಾಯ್ದೆ 20,000ಕ್ಕಿಂತ ಹೆಚ್ಚು ಜನರಿದ್ದ ಪಟ್ಟಣಗಳಲ್ಲಿ ಮಾತ್ರ ಕಟ್ಟಡಕ್ಕೆ ಅನುಮತಿ ಬೇಕೆಂದಿತ್ತು. ಹಳ್ಳಿಯವನು ತನ್ನ ನೆಲದಲ್ಲಿ ತನಗೆ ತೋಚಿದಂತೆ ಕಟ್ಟಿಕೊಳ್ಳುತ್ತಿದ್ದ. ಇಡೀ ದೇಶಕ್ಕೆ ಕಟ್ಟಡ ಪರವಾನಗಿ, ಅಂದರೆ ‘ಪೆರ್ಮಿ ದ ಕೋನ್‌ಸ್ತ್ರುಯೀರ್’, ಬಂದದ್ದು 1943ರ ಜೂನ್ 15ರ ಕಾಯ್ದೆಯಿಂದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಹಿಡಿತದಡಿ ನಡೆದ ವಿಶಿ ಸರ್ಕಾರದ ಕಾಲದಲ್ಲಿ. ವಿಮೋಚನೆಯ ನಂತರ ಆ ಸರ್ಕಾರದ ಎಷ್ಟೋ ಕಾನೂನುಗಳನ್ನು ಕಿತ್ತೆಸೆದರೂ ಇದನ್ನು 1945ರ ಅಕ್ಟೋಬರ್ 27ರ ಆಜ್ಞೆಯ ಮೂಲಕ ಉಳಿಸಿಕೊಳ್ಳಲಾಯಿತು. 1943ಕ್ಕೆ ಹಿಂದಿನ ಕಟ್ಟಡಕ್ಕೆ ಪರವಾನಗಿ ಪತ್ರ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅದು ಅಷ್ಟು ಹಳೆಯದೆಂದು ತೋರಿಸಿದರೆ ಸಾಕು.

ಅಲ್ಲಿಂದ ನಾಲ್ಕು ದಶಕ ಪರವಾನಗಿ ಕೇಂದ್ರ ಸರ್ಕಾರದ ಕೈಯಲ್ಲಿತ್ತು. 1983ರ ಜನವರಿ 7ರ ವಿಕೇಂದ್ರೀಕರಣ ಕಾಯ್ದೆ ಭೂಬಳಕೆ ಯೋಜನೆ ಇರುವ ಊರುಗಳಲ್ಲಿ ಆ ಅಧಿಕಾರವನ್ನು ಮೇಯರರಿಗೆ ಕೊಟ್ಟಿತು. ಫ್ರಾನ್ಸಿನಲ್ಲಿ ಕಮ್ಯೂನ್‌ಗಳು, ಎಂದರೆ ಸ್ವಂತ ಮೇಯರ್ ಇರುವ ಸ್ಥಳೀಯ ಘಟಕಗಳು, ಸುಮಾರು 35,000 ಇವೆ. ಇವುಗಳಲ್ಲಿ ಎಷ್ಟೋ ಕಡೆ ಇರುವುದು ಕೆಲವೇ ನೂರು ಜನ. ಅರ್ಜಿ ಹಾಕುವವನೂ ಸಹಿ ಹಾಕುವವನೂ ಒಂದೇ ರೊಟ್ಟಿಯಂಗಡಿಯ ಗಿರಾಕಿಗಳು. ಇದರಿಂದ ಕೆಲಸ ಸಲೀಸಾಗುವುದೂ ಉಂಟು, ಕೆಡುವುದೂ ಉಂಟು.

2000ದ ಡಿಸೆಂಬರ್ 13ರ ಕಾಯ್ದೆ ಹಳೆಯ ಭೂಬಳಕೆ ಯೋಜನೆಗಳ ಜಾಗಕ್ಕೆ ‘ಪಿಎಲ್‌ಯು’ ಎಂಬ ಸ್ಥಳೀಯ ಯೋಜನೆಯನ್ನು ತಂದಿತು. ಪುಟ್ಟ ಊರುಗಳಿಗೆ ‘ಕಾರ್ತ್ ಕಮ್ಯುನಾಲ್’ ಎಂಬ ಸರಳ ನಕ್ಷೆಯ ದಾರಿಯೂ ಇದೆ. ಈಗ ಹಲವು ಊರುಗಳು ಸೇರಿ ಒಂದೇ ಯೋಜನೆ ಮಾಡಿಕೊಳ್ಳುವುದು ಹೆಚ್ಚುತ್ತಿದೆ. 2007ರ ಅಕ್ಟೋಬರ್ 1ರಿಂದ ಜಾರಿಯಾದ ಸುಧಾರಣೆ ಹತ್ತಾರು ಬಗೆಯ ಅನುಮತಿಗಳನ್ನು ಕೆಲವೇ ಬಗೆಗಳಿಗೆ ಇಳಿಸಿ ಅವಧಿಗಳನ್ನು ನಿಗದಿ ಮಾಡಿತು. 2022ರ ಜನವರಿ 1ರಿಂದ ಪ್ರತಿ ಕಮ್ಯೂನ್ ಅರ್ಜಿಯನ್ನು ವಿದ್ಯುನ್ಮಾನ ರೂಪದಲ್ಲೂ ಸ್ವೀಕರಿಸಲೇಬೇಕು.

ಕಟ್ಟಡ ಏನು?

ಪ್ರತಿ ಕಟ್ಟಡಕ್ಕೂ ಕಾನೂನಿನ ದೃಷ್ಟಿಯಲ್ಲಿ ಒಂದು ‘ದೆಸ್ತಿನಾಸಿಯೋಂ’ ಇರುತ್ತದೆ, ಅಂದರೆ ಅಧಿಕೃತ ಉಪಯೋಗ. 2015ರ ಡಿಸೆಂಬರ್ 28ರ ಆದೇಶದ ನಂತರ ಇವು ಐದು: ಕೃಷಿ ಮತ್ತು ಅರಣ್ಯ, ವಾಸ, ವ್ಯಾಪಾರ ಮತ್ತು ಸೇವೆ, ಸಾರ್ವಜನಿಕ ಸೌಕರ್ಯ, ಇತರ ಚಟುವಟಿಕೆ. ಕೊಟ್ಟಿಗೆ ಮೊದಲನೆಯ ವರ್ಗದ್ದು. ಅದರಲ್ಲಿ ಮಲಗುವ ಕೋಣೆ ಮಾಡಬೇಕಾದರೆ ಎರಡನೆಯ ವರ್ಗಕ್ಕೆ ದಾಟಿಸಬೇಕು. ಕೊಟ್ಟಿಗೆಯ ಪರಿವರ್ತನೆ ಎಂದರೆ ಕಾನೂನಿನ ಲೆಕ್ಕದಲ್ಲಿ ಈ ದಾಟುವಿಕೆ. ಗಾರೆ ಕೆಲಸ ಆಮೇಲಿನದು.

ಬೀಗ ಹಾಕಿ ದಶಕಗಳಾಗಿವೆ ಎಂಬ ಒಂದೇ ಕಾರಣಕ್ಕೆ ಮನೆ ಮನೆಯಾಗಿರುವುದನ್ನು ಬಿಡುವುದಿಲ್ಲ. ಹಾಗೆಯೇ, ದನ ಕಟ್ಟಿ ಮೂವತ್ತು ವರ್ಷವಾಯಿತೆಂದು ಕೊಟ್ಟಿಗೆ ತಾನಾಗಿ ಮನೆಯಾಗುವುದೂ ಇಲ್ಲ. ಆದ್ದರಿಂದ ಸಂದೇಹವಿರುವ ಕಡೆ ಸಾಕ್ಷ್ಯ ಹುಡುಕಬೇಕಾಗುತ್ತದೆ: ಒಲೆಗೂಡು, ಹೊಗೆಕೊಳವೆ, ಗೋಡೆಯಲ್ಲಿ ಕೂರಿಸಿದ ಕಲ್ಲಿನ ತೊಟ್ಟಿ, ರೊಟ್ಟಿ ಸುಡುವ ಗೂಡು, ಹಳೆಯ ಕ್ರಯಪತ್ರ, ತೆರಿಗೆಯ ಕಾಗದ. ನೆಪೋಲಿಯನ್ ಕಾಲದಲ್ಲಿ, 1807ರ ಕಾಯ್ದೆಯಿಂದ ಶುರುವಾದ ಭೂಮಾಪನ ನಕ್ಷೆಗಳು ಜಿಲ್ಲಾ ದಫ್ತರಗಳಲ್ಲಿ ಇಂದಿಗೂ ಸಿಗುತ್ತವೆ. ಅವು ಕಟ್ಟಡದ ಹಳತನಕ್ಕೆ ಸಾಕ್ಷಿ ಹೇಳುತ್ತವೆ, ಉಪಯೋಗಕ್ಕೆ ಯಾವಾಗಲೂ ಅಲ್ಲ. ಮನೆಗೆ ಅಂಟಿಕೊಂಡ ಚಿಕ್ಕ ಉಪಕಟ್ಟಡ ಮನೆಯ ಉಪಯೋಗವನ್ನೇ ಹೊಂದಿದೆ ಎಂದು ನಿಯಮ ಭಾವಿಸುತ್ತದೆ. ಆದರೆ ಮನೆಗಿಂತ ನಾಲ್ಕು ಪಟ್ಟು ದೊಡ್ಡದಾದ ಕೊಟ್ಟಿಗೆಯನ್ನು ಅದರ ಉಪಾಂಗವೆಂದು ಅಧಿಕಾರಿಗೆ ಒಪ್ಪಿಸುವುದು ಸುಲಭವಲ್ಲ.

ಇನ್ನೊಂದು ತೊಡಕು ಪಾಳುಮನೆಗಳದು. ಚಾವಣಿ ಕುಸಿದು ಮೊಣಕಾಲೆತ್ತರದ ಗೋಡೆ ಮಾತ್ರ ಉಳಿದದ್ದು ಕಾನೂನಿಗೆ ಕಟ್ಟಡವೇ ಅಲ್ಲ, ಕಲ್ಲಿನ ರಾಶಿ. ಅಲ್ಲಿ ಕಟ್ಟಿದರೆ ಅದು ಹೊಸ ಕಟ್ಟಡ. ಹೊಲಗಾಡಿನಲ್ಲಿ ಹೊಸ ಮನೆಗೆ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಎರಡು ವಿನಾಯಿತಿಗಳಿವೆ. ಸಕ್ರಮವಾಗಿ ಕಟ್ಟಿದ್ದು ಬೆಂಕಿಗೋ ಬಿರುಗಾಳಿಗೋ ಬಿದ್ದರೆ, ಅಥವಾ ಕೆಡವಿದ್ದರೂ, ಹತ್ತು ವರ್ಷದೊಳಗೆ ಇದ್ದಂತೆಯೇ ಮತ್ತೆ ಕಟ್ಟಬಹುದು. ಸ್ಥಳೀಯ ಯೋಜನೆ ಬೇಡವೆಂದಿರಬಾರದು, ಅಷ್ಟೆ. ಎರಡನೆಯದಾಗಿ, ಭಾರ ಹೊರುವ ಗೋಡೆಗಳ ಮುಖ್ಯಭಾಗ ಉಳಿದಿದ್ದು, ವಾಸ್ತು ಅಥವಾ ಪರಂಪರೆಯ ದೃಷ್ಟಿಯಿಂದ ಬೆಲೆಯುಳ್ಳದ್ದಾದರೆ ಅದನ್ನು ಮತ್ತೆ ಎತ್ತಿ ನಿಲ್ಲಿಸಬಹುದು. ‘ಮುಖ್ಯಭಾಗ’ ಎಂದರೆ ಎಷ್ಟು ಎಂದು ಕಾನೂನು ಅಳತೆ ಕೊಟ್ಟಿಲ್ಲ. ಜಗಳ ಹುಟ್ಟುವುದು ಅಲ್ಲೇ. ಅದಕ್ಕೇ ಅನುಭವಸ್ಥರು ಗೋಡೆಗೆ ಕೈ ಹಚ್ಚುವ ಮೊದಲೇ ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಡುತ್ತಾರೆ. ಕೆಲಸದ ನಡುವೆ ಶಿಥಿಲ ಗೋಡೆಯೊಂದು ತಾನೇ ಉರುಳಿಬಿದ್ದರೆ ಕೈಯಲ್ಲಿರುವ ಪರವಾನಗಿಗೂ ಸಂಚಕಾರ ಬರಬಹುದು, ಏಕೆಂದರೆ ಅದು ಕೊಟ್ಟದ್ದು ಇದ್ದ ಕಟ್ಟಡಕ್ಕೆ.

ಅದು ನಿಂತಿರುವುದು ಎಲ್ಲಿ?

ಪಿಎಲ್‌ಯು ಊರನ್ನು ನಾಲ್ಕು ಅಕ್ಷರಗಳಲ್ಲಿ ಹಂಚುತ್ತದೆ. ‘ಯು’ ಎಂದರೆ ಈಗಾಗಲೇ ಜನವಸತಿ ಇರುವ ಭಾಗ, ‘ಎಯು’ ಮುಂದೆ ಬೆಳೆಯಲಿರುವ ಭಾಗ, ‘ಎ’ ಕೃಷಿ, ‘ಎನ್’ ಪ್ರಕೃತಿ. ಊರ ನಡುವಿನ ಕೊಟ್ಟಿಗೆ ‘ಯು’ ವಲಯದಲ್ಲಿದ್ದರೆ ಪರಿವರ್ತನೆಗೆ ಹೆಚ್ಚಿನ ಅಡ್ಡಿಯಿಲ್ಲ. ಮಾರಾಟದ ಜಾಹೀರಾತಿನಲ್ಲಿ ಸುಂದರವಾಗಿ ಕಾಣುವ ಒಂಟಿ ಕೊಟ್ಟಿಗೆಗಳು ಇರುವುದು ‘ಎ’ ಮತ್ತು ‘ಎನ್’ ವಲಯಗಳಲ್ಲಿ.

ಕೃಷಿವಲಯದ ನಿಯಮ ಹಿಂದೆ ತೀರ ಬಿಗಿಯಾಗಿತ್ತು. ಅಲ್ಲಿ ರೈತನಿಗೆ ಬೇಕಾದದ್ದು ಮಾತ್ರ ಇರಬೇಕು, ಬೇರೆಯವರು ಬಂದರೆ ಗೊಬ್ಬರದ ವಾಸನೆಗೂ ಟ್ರ್ಯಾಕ್ಟರಿನ ಸದ್ದಿಗೂ ತಕರಾರು ಎತ್ತುತ್ತಾರೆ ಎಂಬುದು ವಾದ. 2003ರ ಜುಲೈ 2ರ ಕಾಯ್ದೆ ಬಾಗಿಲನ್ನು ಸ್ವಲ್ಪ ತೆರೆಯಿತು: ವಾಸ್ತು ಅಥವಾ ಪರಂಪರೆಯ ಮಹತ್ವವಿರುವ ಕೃಷಿ ಕಟ್ಟಡಗಳನ್ನು ಸ್ಥಳೀಯ ಯೋಜನೆ ಹೆಸರಿಸಿ ಗುರುತಿಸಿದರೆ ಅವುಗಳ ಉಪಯೋಗ ಬದಲಿಸಬಹುದು, ಬೇಸಾಯಕ್ಕೆ ಧಕ್ಕೆಯಾಗಬಾರದು. 2014ರಲ್ಲಿ ಪರಂಪರೆಯ ಮಹತ್ವ ಇರಲೇಬೇಕೆಂಬ ಷರತ್ತು ಹೋಯಿತು. ಬದಲಿಗೆ ಇನ್ನೊಂದು ಜರಡಿ ಬಂತು. ಯೋಜನೆಯಲ್ಲಿ ಗುರುತಾಗಿದ್ದರೆ ಸಾಲದು, ಪರವಾನಗಿಯ ಹಂತದಲ್ಲಿ ಕೃಷಿವಲಯವಾದರೆ ಕೃಷಿ ಮತ್ತು ಅರಣ್ಯಭೂಮಿ ರಕ್ಷಣೆಯ ಜಿಲ್ಲಾ ಆಯೋಗ, ಪ್ರಕೃತಿವಲಯವಾದರೆ ನಿಸರ್ಗ ಮತ್ತು ಭೂದೃಶ್ಯದ ಜಿಲ್ಲಾ ಆಯೋಗ ಒಪ್ಪಬೇಕು. ಆಯೋಗ ಬೇಡವೆಂದರೆ ಮೇಯರ್ ಪರವಾನಗಿ ಕೊಡುವಂತಿಲ್ಲ.

ಹೀಗೆ ಗುರುತಿಸಿದ ಕಟ್ಟಡಗಳ ಮೇಲೆ ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ನಕ್ಷತ್ರವೋ ಬಣ್ಣದ ಚುಕ್ಕೆಯೋ ಇರುತ್ತದೆ. ಎರಡು ಕೊಟ್ಟಿಗೆಗಳು ಒಂದೇ ಕಾಲದವು, ಒಂದೇ ಕಲ್ಲಿನವು ಆಗಿದ್ದರೂ ಚುಕ್ಕೆ ಇರುವುದರ ಬೆಲೆಯೇ ಬೇರೆ, ಇಲ್ಲದ್ದರ ಬೆಲೆಯೇ ಬೇರೆ. ಕೊಳ್ಳುವ ಮೊದಲು ನೋಡಬೇಕಾದ ಕಾಗದ ಒಂದೇ ಎನ್ನುವುದಾದರೆ ಅದು ಈ ನಕ್ಷೆ. ‘ಜಿಯೋಪೋರ್ತಾಯ್ ದ ಲ್ಯುರ್ಬನಿಸ್ಮ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು.

ಅದೇ ವಲಯಗಳಲ್ಲಿ ಮೊದಲೇ ವಾಸದ ಮನೆಯಾಗಿರುವುದನ್ನು ಹಿಗ್ಗಿಸುವುದು ಬೇರೆ ಮಾತು. 2014–15ರ ತಿದ್ದುಪಡಿಗಳ ನಂತರ ಸ್ಥಳೀಯ ಯೋಜನೆ ಎತ್ತರ, ಸಾಂದ್ರತೆ, ಜಾಗದ ಮಿತಿಗಳನ್ನು ಹೇಳಿ ವಿಸ್ತರಣೆಗೂ ಹೊರಮನೆಗೂ ಅವಕಾಶ ಕೊಡಬಹುದು.

ಯಾವ ಯೋಜನೆಯೂ ಇಲ್ಲದ ಊರುಗಳಿಗೆ ರಾಷ್ಟ್ರೀಯ ನಗರಯೋಜನಾ ನಿಯಮ ಅನ್ವಯಿಸುತ್ತದೆ. ಅಲ್ಲಿ ಮೇಯರ್ ಸಹಿ ಹಾಕುವುದು ಸರ್ಕಾರದ ಹೆಸರಿನಲ್ಲಿ. ಕಡತ ಪರಿಶೀಲಿಸುವುದು ಜಿಲ್ಲೆಯ ಸರ್ಕಾರಿ ಕಚೇರಿ. ಊರ ಹೊರಗೆ ಹೊಸ ಮನೆ ನಿಷಿದ್ಧವಾದರೂ ಇರುವ ಕಟ್ಟಡದ ದುರಸ್ತಿ, ವಿಸ್ತರಣೆ, ಉಪಯೋಗ ಬದಲಾವಣೆಗೆ ತಾತ್ವಿಕ ಒಪ್ಪಿಗೆಯಿದೆ. ಹಳೆಯ ಹಿಡುವಳಿಯ ಕಟ್ಟಡಗಳು ಸುತ್ತುವರಿದ ಅಂಗಳದೊಳಗೆ ಸ್ಥಳೀಯ ಶೈಲಿಗೆ ತಕ್ಕಂತೆ ಹೊಸ ವಾಸದ ಮನೆಗೂ ಅವಕಾಶವುಂಟು. ಯೋಜನೆಯಿಲ್ಲದ ಕುಗ್ರಾಮದಲ್ಲಿ ಪರಿವರ್ತನೆ ಕೆಲವೊಮ್ಮೆ ಹೆಚ್ಚು ಸುಲಭ ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಿದೆ.

1985ರ ಪರ್ವತ ಕಾಯ್ದೆ, 1986ರ ಕರಾವಳಿ ಕಾಯ್ದೆಗಳು ಆಯಾ ಪ್ರದೇಶಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಹಾಕುತ್ತವೆ. ಆಲ್ಪ್ಸ್ ಹುಲ್ಲುಗಾವಲುಗಳಲ್ಲಿ ಬೇಸಿಗೆಯಲ್ಲಿ ದನಗಾಹಿಗಳು ತಂಗುತ್ತಿದ್ದ ಮರದ ಗುಡಿಸಲುಗಳನ್ನು ಸರಿಪಡಿಸಲು ಪ್ರಿಫೆಕ್ಟರ, ಅಂದರೆ ಕೇಂದ್ರ ಸರ್ಕಾರದ ಸ್ಥಳೀಯ ಪ್ರತಿನಿಧಿಯ, ಪ್ರತ್ಯೇಕ ಒಪ್ಪಿಗೆ ಬೇಕು. ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯುವ ಏರ್ಪಾಟಿಲ್ಲದ ಕಡೆ, ಆ ಋತುವಿನಲ್ಲಿ ಅಲ್ಲಿ ವಾಸಿಸಬಾರದೆಂಬ ನಿರ್ಬಂಧವನ್ನು ಆಸ್ತಿಯ ಮೇಲೆಯೇ ಹೇರಬಹುದು.

ಅರ್ಜಿಯ ಬಗೆಗಳು

ಒಳಗಿನ ಸುಣ್ಣಬಣ್ಣ, ವೈರಿಂಗ್, ಹಳೆಯ ಹೆಂಚನ್ನು ಅದೇ ಬಗೆಯ ಹೆಂಚಿನಿಂದ ಬದಲಿಸುವ ಮಾಮೂಲಿ ದುರಸ್ತಿಗಳಿಗೆ ಸಂರಕ್ಷಿತ ಪ್ರದೇಶಗಳ ಹೊರಗೆ ಅನುಮತಿ ಬೇಡ. ಹೊರನೋಟ ಬದಲಾದರೆ, ಉದಾಹರಣೆಗೆ ಹೊಸ ಕಿಟಕಿ, ಚಾವಣಿಯ ಗಾಜುಕಂಡಿ, ಬೇರೆ ಬಗೆಯ ಹೊದಿಕೆ, ಆಗ ‘ದೆಕ್ಲರಾಸಿಯೋಂ ಪ್ರೆಆಲಾಬ್ಲ್’ ಎಂಬ ಪೂರ್ವಘೋಷಣೆ ಸಲ್ಲಿಸಬೇಕು. 5ರಿಂದ 20 ಚದರ ಮೀಟರ್‌ವರೆಗಿನ ವಿಸ್ತರಣೆಗೂ ಇದೇ ಸಾಕು. ಪಿಎಲ್‌ಯುವಿನ ‘ಯು’ ವಲಯದಲ್ಲಿ ಈ ಮಿತಿ 40ಕ್ಕೆ ಏರುತ್ತದೆ. 10ರಿಂದ 100 ಚದರ ಮೀಟರಿನ ತೆರೆದ ಈಜುಕೊಳವೂ ಈ ಗುಂಪಿನದೇ.

ಉಪಯೋಗ ಬದಲಾವಣೆಗೆ ನಿಯಮ ಹೀಗಿದೆ: ಭಾರ ಹೊರುವ ರಚನೆಯನ್ನೂ ಹೊರಮುಖವನ್ನೂ ಮುಟ್ಟದಿದ್ದರೆ ಪೂರ್ವಘೋಷಣೆ, ಮುಟ್ಟಿದರೆ ಪೂರ್ಣ ಪರವಾನಗಿ. ಬೆಳಕಿಲ್ಲದ ಕೊಟ್ಟಿಗೆಗೆ ಕಿಟಕಿ ಕೊರೆಯದೆ ಮನೆ ಮಾಡುವವರು ವಿರಳ, ಹಾಗಾಗಿ ಹೆಚ್ಚಿನವು ಎರಡನೆಯ ದಾರಿಗೇ ಬರುತ್ತವೆ.

ಖಾಸಗಿ ವ್ಯಕ್ತಿಗೆ ವಾಸ್ತುಶಿಲ್ಪಿ ಕಡ್ಡಾಯವಾಗುವುದು ಕೆಲಸ ಮುಗಿದ ಮೇಲಿನ ನೆಲದಳತೆ 150 ಚದರ ಮೀಟರ್ ದಾಟಿದಾಗ. 2017ರ ಮಾರ್ಚ್‌ವರೆಗೆ ಈ ಗಡಿ 170 ಇತ್ತು. ನೆಲದಳತೆಯನ್ನು ಗೋಡೆಯ ಒಳಮೈಯಿಂದ ತೆಗೆಯುತ್ತಾರೆ, 1.80 ಮೀಟರಿಗಿಂತ ತಗ್ಗಾದ ಜಾಗವನ್ನು ಬಿಡುತ್ತಾರೆ. ಅರುವತ್ತು, ಎಂಬತ್ತು ಸೆಂಟಿಮೀಟರ್ ದಪ್ಪದ ಕಲ್ಲುಗೋಡೆಗಳಿರುವ ಕಟ್ಟಡಗಳಿಗೆ ಇದು ಅನುಕೂಲದ ಲೆಕ್ಕ. ಆದರೂ ಒಂದು ಮಧ್ಯಮ ಗಾತ್ರದ ಕೊಟ್ಟಿಗೆ, ಅಟ್ಟವನ್ನೂ ಸೇರಿಸಿದರೆ, ಈ ಗಡಿಯನ್ನು ಸುಲಭವಾಗಿ ದಾಟಿಬಿಡುತ್ತದೆ. ವಾಸ್ತುಶಿಲ್ಪಿ ಬೇಡದವರಿಗೂ ಪುಕ್ಕಟೆ ಸಲಹೆ ಕೊಡುವ ಸಂಸ್ಥೆಯೊಂದಿದೆ: 1977ರ ವಾಸ್ತುಶಿಲ್ಪ ಕಾಯ್ದೆಯಿಂದ ಹುಟ್ಟಿದ ಜಿಲ್ಲಾ ಮಂಡಳಿಗಳು, ಸಂಕ್ಷಿಪ್ತವಾಗಿ ‘ಸಿಎಯುಇ’. ಇವುಗಳನ್ನು ಬಳಸಿಕೊಳ್ಳುವವರು ಇರಬೇಕಾದಷ್ಟು ಇಲ್ಲ.

ಕಡತದಲ್ಲಿ ಇರಬೇಕಾದವು ಸ್ಥಳನಕ್ಷೆ, ನಿವೇಶನ ನಕ್ಷೆ, ನೆಲದ ಇಳಿಜಾರು ತೋರುವ ಛೇದನಕ್ಷೆ, ವಿವರಣಾ ಪತ್ರ, ಹೊರಮುಖ ಮತ್ತು ಚಾವಣಿಯ ಚಿತ್ರಗಳು, ಸುತ್ತಲಿನ ನೋಟದಲ್ಲಿ ಕಟ್ಟಡ ಹೇಗೆ ಕೂರುತ್ತದೆಂಬ ಚಿತ್ರ, ಹತ್ತಿರದ ಮತ್ತು ದೂರದ ಛಾಯಾಚಿತ್ರಗಳು. ಪೂರ್ವಘೋಷಣೆಗೆ ಒಂದು ತಿಂಗಳು, ಮನೆಯ ಪರವಾನಗಿಗೆ ಎರಡು ತಿಂಗಳು, ಬೇರೆ ಪರವಾನಗಿಗಳಿಗೆ ಮೂರು ತಿಂಗಳು ಅವಧಿ. ಕಾಗದ ಕಡಿಮೆಯಿದ್ದರೆ ಕಚೇರಿ ಮೊದಲ ತಿಂಗಳಲ್ಲೇ ಕೇಳಬೇಕು. ಅರ್ಜಿದಾರ ಮೂರು ತಿಂಗಳಲ್ಲಿ ಒದಗಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅವಧಿ ಮುಗಿದರೂ ಉತ್ತರ ಬರದಿದ್ದರೆ ಸಾಮಾನ್ಯವಾಗಿ ಒಪ್ಪಿಗೆ ಸಿಕ್ಕಂತೆ, ಆದರೆ ವಿನಾಯಿತಿಗಳಿವೆ. ಕಚೇರಿಯಿಂದ ಲಿಖಿತ ಪ್ರಮಾಣಪತ್ರ ಪಡೆಯದೆ ಈ ಮೌನವನ್ನು ನಂಬಿ ಗೋಡೆ ಒಡೆಯುವುದು ಜಾಣತನವಲ್ಲ.

ಪರಂಪರೆಯ ಕಾವಲು

1943ರ ಫೆಬ್ರುವರಿ 25ರ ಕಾಯ್ದೆ ಪ್ರತಿ ಐತಿಹಾಸಿಕ ಸ್ಮಾರಕದ ಸುತ್ತ 500 ಮೀಟರ್ ವೃತ್ತ ಎಳೆಯಿತು. ಸಂರಕ್ಷಿತ ಸ್ಮಾರಕಗಳು ದೇಶದಲ್ಲಿ 40,000ಕ್ಕೂ ಹೆಚ್ಚು. ಹಳ್ಳಿಯ ಹಳೆಯ ಚರ್ಚೊಂದು ಪಟ್ಟಿಯಲ್ಲಿದ್ದರೆ ಊರಿನ ಬಹುಭಾಗ ಆ ವೃತ್ತದೊಳಗೆ ಬೀಳುತ್ತದೆ. ಅಲ್ಲಿ ಅವಧಿ ಒಂದು ತಿಂಗಳು ಹೆಚ್ಚುತ್ತದೆ, ಕಡತ ‘ಆರ್ಶಿತೆಕ್ತ್ ದೇ ಬಾತಿಮಾಂ ದ ಫ್ರಾನ್ಸ್’ ಎಂಬ ಸರ್ಕಾರಿ ವಾಸ್ತುಶಿಲ್ಪಿಯ ಮುಂದೆ ಹೋಗುತ್ತದೆ. ಸ್ಮಾರಕದ ಜೊತೆ ಒಟ್ಟಿಗೆ ಕಣ್ಣಿಗೆ ಬೀಳುವ ಕಟ್ಟಡವಾದರೆ ಅವರ ಮಾತೇ ಅಂತಿಮ. ಒಪ್ಪದವರು ಪ್ರಾಂತ್ಯದ ಪ್ರಿಫೆಕ್ಟರಿಗೆ ಮೇಲ್ಮನವಿ ಹಾಕಬಹುದು. 2016ರ ಜುಲೈ 7ರ ಕಾಯ್ದೆಯ ನಂತರ ಕಣ್ಣುಮುಚ್ಚಿ ಎಳೆದ ಈ ವೃತ್ತದ ಬದಲು ಸ್ಥಳ ನೋಡಿ ಗುರುತಿಸಿದ ಗಡಿಗಳು ಬರುತ್ತಿವೆ.

ಈ ಅಧಿಕಾರಿಗಳ ಬಗ್ಗೆ ಮನೆಮಾಲೀಕರ ದೂರು ದೊಡ್ಡದು: ಕಿಟಕಿಗೆ ಪ್ಲಾಸ್ಟಿಕ್ ಬೇಡ, ಮರವೇ ಬೇಕು; ಬಾಗಿಲಿನ ಬಣ್ಣ ಇದಲ್ಲ, ಅದು; ಗೋಡೆಗೆ ಸಿಮೆಂಟು ಬೇಡ, ಸುಣ್ಣದ ಗಾರೆ ಇರಲಿ. ಬಣ್ಣದ ವಿಷಯದಲ್ಲಿ ಅಧಿಕಾರಿಯ ಅಭಿರುಚಿ ಇಣುಕುತ್ತದೆ ಎಂಬುದು ನಿಜವಿರಬಹುದು. ಸುಣ್ಣದ ವಿಷಯದಲ್ಲಿ ಮಾತ್ರ ಅವರು ಹೇಳುವುದು ಅಪ್ಪಟ ಕಟ್ಟಡ ವಿಜ್ಞಾನ. ತಳಪಾಯದಿಂದ ಏರುವ ತೇವವನ್ನು ಹಳೆಯ ಕಲ್ಲುಗೋಡೆ ತನ್ನ ಮೈಯಿಂದ ಹೊರಬಿಡುತ್ತದೆ. ಸಿಮೆಂಟು ಬಳಿದರೆ ಆ ತೇವ ಒಳಗೇ ಉಳಿದು ಗಾರೆಯನ್ನೂ ತೊಲೆಯ ತುದಿಯನ್ನೂ ಕೊಳೆಸುತ್ತದೆ. 1960–70ರ ದಶಕಗಳಲ್ಲಿ ಹುಮ್ಮಸ್ಸಿನಿಂದ ಸಿಮೆಂಟು ಮೆತ್ತಿದ ಎಷ್ಟೋ ಮನೆಗಳಲ್ಲಿ ಈಗ ಅದನ್ನು ಕೆತ್ತಿ ತೆಗೆಯುವ ಕೆಲಸ ನಡೆದಿದೆ. 2017ರಿಂದ ದೊಡ್ಡ ಮಟ್ಟದ ಹೊರಗೋಡೆ ಕೆಲಸದ ಜೊತೆ ಶಾಖನಿರೋಧಕ ಪದರವನ್ನೂ ಹಾಕಬೇಕೆಂಬ ನಿಯಮ ಬಂದಾಗಲೂ ತೇವದಿಂದ ಕೆಡುವ ಅಪಾಯವಿರುವ ಹಳೆಯ ಗೋಡೆಗಳಿಗೆ ವಿನಾಯಿತಿ ಕೊಟ್ಟದ್ದು ಇದೇ ಕಾರಣಕ್ಕೆ.

ಕೊಟ್ಟಿಗೆಯ ಮೂಲನಿವಾಸಿಗಳ ಮಾತನ್ನೂ ಮರೆಯುವಂತಿಲ್ಲ. ಬಾವಲಿ, ಕಣಜದ ಗೂಬೆ, ಕವಲುತೋಕೆಗಳು ಸಂರಕ್ಷಿತ ಜೀವಿಗಳು. ಅವುಗಳ ನೆಲೆಯನ್ನು ಕೆಡಿಸುವುದು ಪರಿಸರ ಸಂಹಿತೆಯ ಪ್ರಕಾರ ಅಪರಾಧ. ಕಟ್ಟಡ ಪರವಾನಗಿ ಇದಕ್ಕೆ ರಕ್ಷೆಯಲ್ಲ.

ನೀರು, ಬೆಂಕಿ, ನೆರೆಯವರು

ಒಂಟಿ ಕಟ್ಟಡಗಳಿಗೆ ಒಳಚರಂಡಿ ಇರುವುದಿಲ್ಲ. ಮಲಿನ ನೀರಿನ ಸ್ವಂತ ವ್ಯವಸ್ಥೆಗೆ ‘ಸ್ಪಾಂಕ್’ ಎಂಬ ಸ್ಥಳೀಯ ಸೇವೆಯ ಒಪ್ಪಿಗೆ ಪತ್ರವನ್ನು ಪರವಾನಗಿ ಅರ್ಜಿಯ ಜೊತೆಗೇ ಇಡಬೇಕು. ಹಳೆಯ ಗುಂಡಿ ನಿಯಮಕ್ಕೆ ತಕ್ಕಂತಿಲ್ಲದಿದ್ದರೆ ಕೊಂಡವರು ಕ್ರಯವಾದ ಒಂದು ವರ್ಷದೊಳಗೆ ಸರಿಪಡಿಸಬೇಕು. ನೆಲ ಬಂಡೆಯಾಗಿದ್ದರೆ, ಜಾಗ ಇಕ್ಕಟ್ಟಾಗಿದ್ದರೆ ಇದೊಂದೇ ಯೋಜನೆಯನ್ನು ನಿಲ್ಲಿಸಬಲ್ಲದು. ವಿದ್ಯುತ್ತು, ಕುಡಿಯುವ ನೀರಿನ ಜಾಲವನ್ನು ಅಲ್ಲಿಯವರೆಗೆ ಎಳೆಯುವುದು ಯಾವಾಗ, ಯಾರು ಎಂದು ಕಮ್ಯೂನ್ ಹೇಳಲಾರದಿದ್ದರೆ ಪರವಾನಗಿ ನಿರಾಕರಣೆಯಾಗುತ್ತದೆ. ಅಗ್ನಿಶಾಮಕ ದಳಕ್ಕೆ ನೀರು ಸಿಗುವ ನಲ್ಲಿಯೋ ಕೊಳವೋ ಕೆಲವು ನೂರು ಮೀಟರಿನೊಳಗೆ ಇಲ್ಲ ಎಂಬ ಕಾರಣದ ನಿರಾಕರಣೆಗಳೂ ಉಂಟು.

ನದಿದಂಡೆಯ ಗಿರಣಿಗಳಿಗೆ ಪ್ರವಾಹದ ಭಯವಿದೆ. 1995ರ ಕಾಯ್ದೆಯಿಂದ ಬಂದ ಅಪಾಯ ತಡೆ ಯೋಜನೆಗಳಲ್ಲಿ ಕೆಂಪು ವಲಯದಲ್ಲಿರುವ ಗಿರಣಿಯಲ್ಲಿ ಹೊಸದಾಗಿ ವಾಸದ ಕೋಣೆ ಮಾಡಲು ಸಾಮಾನ್ಯವಾಗಿ ಬಿಡುವುದಿಲ್ಲ. ತಮಾಷೆಯೆಂದರೆ ಅದೇ ಗಿರಣಿಗೆ 1789ರ ಕ್ರಾಂತಿಗೂ ಮುಂಚಿನ ನೀರಿನ ಹಕ್ಕು ಇಂದಿಗೂ ಊರ್ಜಿತವಾಗಿರಬಹುದು.

ನೆರೆಯಲ್ಲಿ ನಡೆಯುತ್ತಿರುವ ಹಟ್ಟಿಯಿದ್ದರೆ ಇನ್ನೊಂದು ಲೆಕ್ಕ. ಹಟ್ಟಿ ಮನೆಗಳಿಂದ 50 ಅಥವಾ 100 ಮೀಟರ್ ದೂರವಿರಬೇಕೆಂದಿದ್ದರೆ, 1999ರ ಕೃಷಿ ಕಾಯ್ದೆಯ ಪ್ರಕಾರ ಹೊಸದಾಗಿ ಮನೆಯಾಗುವ ಕೊಟ್ಟಿಗೆಯೂ ಹಟ್ಟಿಯಿಂದ ಅಷ್ಟೇ ದೂರವಿರಬೇಕು. ಹಳ್ಳಿಯ ಸದ್ದಿನ ವಿಷಯಕ್ಕಂತೂ ಒಂದು ಪ್ರಸಿದ್ಧ ಪ್ರಕರಣವಿದೆ. ಓಲೆರೋಂ ದ್ವೀಪದ ಮೋರಿಸ್ ಎಂಬ ಹುಂಜ ಬೆಳಗಿನ ಜಾವ ಕೂಗುತ್ತದೆಂದು ರಜೆಯ ಮನೆಯವರು ನ್ಯಾಯಾಲಯಕ್ಕೆ ಹೋದರು. 2019ರ ಸೆಪ್ಟೆಂಬರಿನಲ್ಲಿ ರೋಶ್‌ಫೋರ್ ನ್ಯಾಯಾಲಯ ಹುಂಜದ ಕಡೆಗೇ ತೀರ್ಪು ಕೊಟ್ಟಿತು. 2021ರ ಜನವರಿ 29ರ ಕಾಯ್ದೆಯೊಂದು ಹಳ್ಳಿಗಾಡಿನ ಸದ್ದು, ವಾಸನೆಗಳನ್ನು ರಾಷ್ಟ್ರದ ಸಾಮಾನ್ಯ ಪರಂಪರೆಗೆ ಸೇರಿಸಿತು.

ಪರವಾನಗಿ ಸಿಕ್ಕರೂ ನೆರೆಯವರ ಖಾಸಗಿ ಹಕ್ಕುಗಳು ಹಾಗೆಯೇ ಇರುತ್ತವೆ. ಪಕ್ಕದವರ ಜಾಗಕ್ಕೆ ನೇರವಾಗಿ ತೆರೆಯುವ ಕಿಟಕಿ ಗಡಿಯಿಂದ 1.90 ಮೀಟರ್ ದೂರವಿರಬೇಕು, ಓರೆನೋಟವಾದರೆ 60 ಸೆಂಟಿಮೀಟರ್. ಇದು ನಾಗರಿಕ ಸಂಹಿತೆಯ ನಿಯಮ, ಮೇಯರರ ಸಹಿ ಇದನ್ನು ಬದಲಿಸುವುದಿಲ್ಲ.

ಕೊಳ್ಳುವಾಗ, ಕಟ್ಟಿದ ಮೇಲೆ

ಜಾಗರೂಕ ಖರೀದಿದಾರ ಮುಂಗಡ ಕರಾರಿನಲ್ಲೇ ಪರವಾನಗಿ ಸಿಕ್ಕರೆ ಮಾತ್ರ ಕ್ರಯ ಎಂಬ ಷರತ್ತು ಬರೆಸುತ್ತಾನೆ. ಇಲ್ಲವಾದರೆ ಕನಿಷ್ಠ ‘ಸರ್ತಿಫಿಕಾ ದ್ಯುರ್ಬನಿಸ್ಮ್’ ಪಡೆಯಬೇಕು. ಇದರಲ್ಲಿ ಎರಡು ಬಗೆ. ಮೊದಲನೆಯದು ಅನ್ವಯಿಸುವ ನಿಯಮಗಳನ್ನು ತಿಳಿಸುತ್ತದೆ, ಅಷ್ಟೆ. ಎರಡನೆಯದು ಇಂಥ ಯೋಜನೆ ಇಲ್ಲಿ ಸಾಧ್ಯವೋ ಎಂಬುದಕ್ಕೆ ಉತ್ತರ ಕೊಡುತ್ತದೆ. ಎರಡೂ 18 ತಿಂಗಳು ಊರ್ಜಿತ, ಆ ಅವಧಿಯಲ್ಲಿ ನಿಯಮ ಬಿಗಿಯಾದರೂ ಬಹುಮಟ್ಟಿಗೆ ಹಳೆಯ ನಿಯಮವೇ ಅನ್ವಯಿಸುತ್ತದೆ. ಮಾರುವವರು ತೋರಿಸುವುದು ಹೆಚ್ಚಾಗಿ ಮೊದಲನೆಯದನ್ನು, ಕೊಳ್ಳುವವರಿಗೆ ಬೇಕಾದದ್ದು ಎರಡನೆಯದು. ಕೃಷಿಭೂಮಿ ಸೇರಿದ ಮಾರಾಟದಲ್ಲಿ 1960ರ ಕಾಯ್ದೆಯಿಂದ ಬಂದ ‘ಸಫೇರ್’ ಸಂಸ್ಥೆಗಳಿಗೆ ಮೊದಲು ಕೊಳ್ಳುವ ಹಕ್ಕಿದೆ. ಅವು ಉತ್ತರಿಸಲು ಎರಡು ತಿಂಗಳ ಸಮಯವಿದೆ.

ಪರವಾನಗಿ ಬಂದ ಕೂಡಲೇ ರಸ್ತೆಯಿಂದ ಓದಲು ಬರುವಂತೆ, 80 ಸೆಂಟಿಮೀಟರಿಗಿಂತ ದೊಡ್ಡ ಫಲಕ ಹಾಕಬೇಕು. ಅಂದಿನಿಂದ ಎರಡು ತಿಂಗಳು ನೆರೆಯವರು ಪ್ರಶ್ನಿಸಬಹುದು, ಫಲಕವೇ ಹಾಕದಿದ್ದರೆ ಆ ಎರಡು ತಿಂಗಳ ಎಣಿಕೆ ಶುರುವಾಗುವುದೇ ಇಲ್ಲ. ಆಡಳಿತವೂ ಮೂರು ತಿಂಗಳೊಳಗೆ ಕಾನೂನುಬಾಹಿರ ಪರವಾನಗಿಯನ್ನು ಹಿಂದೆಗೆಯಬಹುದು. ಪರವಾನಗಿಯ ಆಯುಷ್ಯ ಮೂರು ವರ್ಷ, ಒಂದೊಂದು ವರ್ಷದಂತೆ ಎರಡು ಸಲ ಮುಂದುವರಿಸಿಕೊಳ್ಳಬಹುದು. ಕೆಲಸ ಮುಗಿದಾಗ ಪರವಾನಗಿಯಂತೆ ಮುಗಿದಿದೆ ಎಂಬ ಘೋಷಣೆ ಸಲ್ಲಿಸಬೇಕು. ಮೂರು ತಿಂಗಳಲ್ಲಿ, ಸ್ಮಾರಕದ ಸುತ್ತಲಿನಂಥ ಪ್ರದೇಶಗಳಲ್ಲಿ ಐದು ತಿಂಗಳಲ್ಲಿ, ಆಡಳಿತ ಆಕ್ಷೇಪಿಸದಿದ್ದರೆ ಅಲ್ಲಿಗೆ ಮುಗಿಯಿತು.

ಅನುಮತಿಯಿಲ್ಲದ ಕೆಲಸಕ್ಕೆ 1,200 ಯೂರೋದಿಂದ ದಂಡ ಶುರುವಾಗಿ, ನೆಲದ ಪ್ರತಿ ಚದರ ಮೀಟರಿಗೆ 6,000 ಯೂರೋವರೆಗೂ ಹೋಗಬಹುದು. ಕೆಡವುವ ಆದೇಶವೂ ಬರಬಹುದು. ಕ್ರಿಮಿನಲ್ ಮೊಕದ್ದಮೆಗೆ ಆರು ವರ್ಷದ, ಕಮ್ಯೂನಿನ ಸಿವಿಲ್ ದಾವೆಗೆ ಹತ್ತು ವರ್ಷದ ಕಾಲಮಿತಿ ಇದೆ. ಇದರಿಂದಾಗಿ ಹತ್ತು ವರ್ಷ ಕಳೆದರೆ ಎಲ್ಲ ಸಕ್ರಮ ಎಂಬ ನಂಬಿಕೆ ಮಾರಾಟಗಾರರಲ್ಲಿ ವ್ಯಾಪಕವಾಗಿದೆ. ಪರವಾನಗಿಯೇ ಇಲ್ಲದೆ ಕಟ್ಟಿದ್ದಕ್ಕೆ ಅದು ಅನ್ವಯಿಸುವುದಿಲ್ಲ. 1986ರ ಜುಲೈ 9ರಂದು ಕೋನ್ಸೇ ದೆತಾ, ಅಂದರೆ ಆಡಳಿತ ವ್ಯಾಜ್ಯಗಳ ಅತ್ಯುನ್ನತ ನ್ಯಾಯಾಲಯ, ತಲಾಮಿ ಪ್ರಕರಣದಲ್ಲಿ ಇಂಥ ಕಟ್ಟಡಕ್ಕೆ ಮುಂದೆ ಯಾವ ಅನುಮತಿ ಬೇಕಾದರೂ ಹಳೆಯ ಅಕ್ರಮ ಭಾಗವನ್ನೂ ಸೇರಿಸಿ ಅರ್ಜಿ ಹಾಕಬೇಕೆಂದು ಹೇಳಿತು. ಹಿಂದಿನ ಮಾಲೀಕ ಗುಟ್ಟಾಗಿ ಮಾಡಿದ ಅಟ್ಟದ ಕೋಣೆ ಹೊಸ ಮಾಲೀಕನ ಈಜುಕೊಳದ ಅರ್ಜಿಯ ಹೊತ್ತಿಗೆ ಹೊರಬೀಳುವುದು ಹೀಗೆ.

ಪರಿವರ್ತಿತ ಕಟ್ಟಡವನ್ನು ಪ್ರವಾಸಿಗಳಿಗೆ ಕೊಡುವುದಾದರೆ, ಮಾಲೀಕರು ತಾವೇ ವಾಸವಿದ್ದು ನಡೆಸುವ ಅತಿಥಿಕೋಣೆಗಳ ಮಿತಿ ಐದು ಕೋಣೆ, ಹದಿನೈದು ಜನ. ಅದಕ್ಕೂ ಮೇರಿಯಲ್ಲಿ ಘೋಷಣೆ ಬೇಕು.

2021ರ ಆಗಸ್ಟ್ 22ರ ಹವಾಮಾನ ಕಾಯ್ದೆ 2050ರ ಹೊತ್ತಿಗೆ ಹೊಸ ನೆಲವನ್ನು ಕಟ್ಟಡಕ್ಕೆ ಬಳಸುವುದನ್ನು ನಿವ್ವಳ ಸೊನ್ನೆಗೆ ಇಳಿಸುವ ಗುರಿ ಇಟ್ಟ ಮೇಲೆ ಮೇಯರರು ಹಳೆಯ ಕೊಟ್ಟಿಗೆಗಳನ್ನು ನೋಡುವ ರೀತಿ ಬದಲಾಗಿದೆ. ಹೊಸ ಬಡಾವಣೆಗೆ ಜಾಗ ಸಿಗದ ಊರಿಗೆ ನಿಂತಿರುವ ಕಟ್ಟಡವೇ ಮನೆಯ ಮೂಲ. ಯೋಜನೆ ಪರಿಷ್ಕರಣೆಯಾಗುವಾಗ ನಡೆಯುವ ಸಾರ್ವಜನಿಕ ವಿಚಾರಣೆಯಲ್ಲಿ, ತಮ್ಮ ಕೊಟ್ಟಿಗೆಯನ್ನೂ ಗುರುತಿಸಿ ಎಂದು ವಿಚಾರಣಾಧಿಕಾರಿಯ ದಾಖಲೆ ಪುಸ್ತಕದಲ್ಲಿ ಯಾವ ಮಾಲೀಕ ಬೇಕಾದರೂ ಬರೆಯಬಹುದು. ಆ ಅವಕಾಶ ತಪ್ಪಿದರೆ ಸಾಮಾನ್ಯವಾಗಿ ಮುಂದಿನ ಪರಿಷ್ಕರಣೆಯವರೆಗೆ ಕಾಯಬೇಕು.